ಹೆಸರು ಹಾಕಿಸದ ಗಿಲಾಸು

ವಾಡಿ ಜಂಕ್ಷನ್
೧೬-೩-೧೯೭೯, ಶುಕ್ರವಾರ

ನನ್ನ ತಾಜಕ್ಕನಿಗೆ,

ವಾಡಿಯಿಂದ ನಿನ್ನ ಶಿವಕಾಂತಮ್ಮ ಮಾಡುವ ಸಲಾಮು. ಶರಣು ಅಂತಲೂ ಬರೆಯಬಹುದಿತ್ತು. ಆದರೆ ಮೊದಲಿನಿಂದಲೂ ನೀನು ನನಗೆ ಶರಣು ಅನ್ನುವವಳು, ನಾನು ನಿನಗೆ ಸಲಾಮು ಅನ್ನುವವಳು. ಇಪ್ಪತ್ತು ವರ್ಷದ ರೂಢಿಯನ್ನು ಕಾಗದದಲ್ಲಿ ಯಾಕೆ ಕೆಡಿಸಬೇಕು?

ಮಗಳೇ ಬಷೀರಾ, ನಿನಗೂ ಆಶೀರ್ವಾದ. ನಿನ್ನ ಅತ್ತೆಗೆ ಉರ್ದು ಓದಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ನನಗೆ ನಾಲವಾರದ ತವರಿನಲ್ಲಿ ಅಯ್ಯನವರು ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದ ಕನ್ನಡ ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಚಿತ್ತಾಪುರದಲ್ಲಿ ಏಳನೇ ಇಯತ್ತೆಯವರೆಗೆ ಓದಿ ಸೊಸೆಯಾಗಿ ಬಂದ ನೀನೇ ಇದನ್ನು ಓದಿ ಹೇಳಬೇಕು. ಹಿಂದೆ ಬರೆದ ನಾಲ್ಕು ಕಾಗದಗಳನ್ನೂ ನೀನೇ ಓದಿರಬೇಕು. ಓದಿದೆಯೋ, ನಿನ್ನ ಗಂಡ ಪಾಷಾ ಓದಲು ಬಿಟ್ಟನೋ, ಅತ್ತೆಯೇ ಬೇಡವೆಂದು ಒಲೆಗೆ ಹಾಕಿದಳೋ, ನನಗೆ ತಿಳಿದಿಲ್ಲ. ಉತ್ತರ ಬರಲಿಲ್ಲ, ಅಷ್ಟು ಗೊತ್ತು. ಇವತ್ತು ಒಂದು ಮಾತು ನಡೆಸಿಕೊಡು. ಮಧ್ಯದಲ್ಲಿ ಅತ್ತೆ ಸಾಕು ಅಂದರೂ ನಿಲ್ಲಿಸಬೇಡ. ಗಂಟಲು ಒಣಗಿದರೆ ನೀರು ಕುಡಿದು ಮುಂದೆ ಓದು.

ತಾಜಕ್ಕ, ಕುಶಲ ಕೇಳುವುದು ಮುಗಿಸಿಬಿಡುತ್ತೇನೆ. ನಿನ್ನ ಮೊಣಕಾಲು ನೋವು ಹೇಗಿದೆ? ನನ್ನದು ಎಡಗಡೆಯಿಂದ ಬಲಗಡೆಗೆ ಬಂದಿದೆ. ಹೋಳಿ ಹುಣ್ಣಿಮೆ ಮುಗಿದು ಮೂರು ದಿನವಾಯಿತು, ಆಗಲೇ ಹತ್ತು ಗಂಟೆಗೆ ನಮ್ಮ ಮನೆಯ ಮುಂದಿನ ಫರಸಿ ಕಲ್ಲಿನ ಮೇಲೆ ಕಾಲಿಡಲಾಗುವುದಿಲ್ಲ. ಪ್ಯಾಸೆಂಜರ್ ಗಾಡಿ ಈಗಲೂ ತಡವಾಗಿಯೇ ಬರುತ್ತದೆ. ನಾನು ಈಗಲೂ ಬೆಳಿಗ್ಗೆ ಎರಡು ಕಪ್ಪು ಚಹಾ ಮಾಡುತ್ತೇನೆ. ಮಾಡಿದ ಮೇಲೆ ನೆನಪಾಗುತ್ತದೆ. ಚೆಲ್ಲುವುದಕ್ಕೆ ಮನಸ್ಸು ಬರದೆ ಎರಡನ್ನೂ ನಾನೇ ಕುಡಿಯುತ್ತೇನೆ, ಆಮೇಲೆ ಎದೆಯುರಿ ಅಂತ ನಿನ್ನನ್ನೇ ಬೈಯುತ್ತೇನೆ.

ವಾಡಿಯಿಂದ ನೀನಿರುವ ಶಹಾಬಾದಿಗೆ ಒಂದೇ ಟೇಶನ್ನು, ಇಪ್ಪತ್ತು ಮಿನಿಟಿನ ದಾರಿ. ಹತ್ತು ತಿಂಗಳಾಯಿತು ನಿನ್ನ ಮುಖ ನೋಡಿ.

ಯುಗಾದಿಗೆ ಇನ್ನು ಎರಡು ವಾರವೂ ಇಲ್ಲ. ನಿನಗೆ ಗೊತ್ತಲ್ಲ, ಯುಗಾದಿ ಅಂದರೆ ನಮ್ಮಿಬ್ಬರಿಗೂ ಬೇವು ಬೆಲ್ಲಕ್ಕಿಂತ ಮೊದಲು ಅರವಟಿಗೆ. ಟೇಶನ್ನಿನ ಹೊರಗಿನ ಬೇವಿನ ಗಿಡದ ಕೆಳಗೆ ಮರಳು ಹಾಸಿ ಆರು ಮಣ್ಣಿನ ರಂಜಣಗಿ ಇಡಬೇಕು, ನೀರು ತುಂಬಿ ಬಾಯಿಗೆ ಒದ್ದೆ ಬಟ್ಟೆ ಕಟ್ಟಬೇಕು. ಜೂನಿನಲ್ಲಿ ಮಿರಗದ ಮಳೆ ಬೀಳುವತನಕ ಗಾಡಿ ಇಳಿದವರಿಗೆ, ಹತ್ತುವವರಿಗೆ, ಹಮಾಲರಿಗೆ, ಫರಸಿ ಕಲ್ಲು ಹೊರುವವರಿಗೆ ನೀರು ಕೊಡಬೇಕು. ಒಬ್ಬರು ಬಾವಿಯಿಂದ ಸೇದಿ ತರಬೇಕು, ಒಬ್ಬರು ರಂಜಣಗಿಯ ಹತ್ತಿರ ಕೂತು ಕೊಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಓದುತ್ತಿರುವ ಬಷೀರಾಗೆ ಪೂರ್ತಿ ಗೊತ್ತಿಲ್ಲ. ಆಕೆ ಮದುವೆಯಾಗಿ ಬಂದು ಎರಡು ವರ್ಷ, ಅದರಲ್ಲಿ ಒಂದು ಬೇಸಿಗೆ ತವರಿನಲ್ಲಿಯೇ ಇದ್ದಳು.

ಬಷೀರಾ, ಕೇಳು. ನಿನ್ನ ಮಾವ ಮಜೀದಸಾಬ ಇಲ್ಲಿ ಗಾಡಿಗೆ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಆಗಿದ್ದರು, ನನ್ನ ಯಜಮಾನರು ಸಂಗಣ್ಣ ಗ್ಯಾಂಗಿನಲ್ಲಿ ಹಳಿ ರಿಪೇರಿ ಮಾಡುತ್ತಿದ್ದರು. ನಿಜಾಮನ ಕಾಲದಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಹಿಂದೂ ನೀರು ಬೇರೆ, ಮುಸಲ್ಮಾನ ನೀರು ಬೇರೆ ಇರುತ್ತಿತ್ತು. ಒಮ್ಮೆ ವೈಶಾಖದಲ್ಲಿ ಇವರು ಹಳಿಯ ಮೇಲೆ ಬವಳಿ ಬಂದು ಬಿದ್ದಾಗ, ಹಿಂದೂ ನೀರಿನವನು ಊಟಕ್ಕೆ ಹೋಗಿದ್ದ. ನಿನ್ನ ಮಾವ ಮತ್ತೊಂದು ಬಕೀಟಿನಿಂದ ತಂದು ಕುಡಿಸಿದರು. ಕಣ್ಣು ಬಿಟ್ಟ ಮೇಲೆ ಇವರು ಕೇಳಿದ್ದು, ಇನ್ನೊಂದು ಸ್ವಲ್ಪ ಕೊಡ್ರಿ ಅಂತ. ರಾಜ್ಯ ಒಂದಾದ ಮರುವರ್ಷ, ಐವತ್ತೇಳರಲ್ಲಿ, ಇಬ್ಬರೂ ಸೇರಿ ಹೊರಗೆ ಗಿಡದ ಕೆಳಗೆ ಒಂದೇ ಸಾಲಿನಲ್ಲಿ ರಂಜಣಗಿ ಇಟ್ಟರು. ಗಂಡಸರು ಇಟ್ಟು ಡ್ಯೂಟಿಗೆ ಹೋದರು, ತುಂಬುವವರು ಕೊಡುವವರು ನಾವಿಬ್ಬರಾದೆವು.

ಹಿತ್ತಾಳೆ ಗಿಲಾಸು ತರಲು ಇಬ್ಬರೂ ನಿಮ್ಮ ಶಹಾಬಾದಿನ ಬಜಾರಿಗೇ ಹೋಗಿದ್ದರು. ನಾಲ್ಕು ಗಿಲಾಸು ಆರಿಸಿದ ಮೇಲೆ ಅಂಗಡಿಯವನು ಉಳಿ ಹಿಡಿದು, ಯಾರ ಹೆಸರು ಹಾಕಬೇಕೆಂದು ಕೇಳಿದನಂತೆ. ಸಂಗಣ್ಣನ ಹೆಸರು ಹಾಕು ಅಂತ ಮಜೀದಸಾಬರು, ಮಜೀದಸಾಬನ ಹೆಸರು ಹಾಕು ಅಂತ ಇವರು. ಮಾತಿಗೆ ಮಾತು ಬೆಳೆದು ಇಬ್ಬರೂ ನಿಜವಾಗಿಯೂ ಸಿಟ್ಟಾದರಂತೆ. ಅಂಗಡಿಯವನು ಬೇಸತ್ತು, ಗಾಡಿ ಹೊತ್ತಾಯಿತು ಹೋಗ್ರಿ ಅಂತ ಹೆಸರಿಲ್ಲದೆಯೇ ಕಟ್ಟಿಕೊಟ್ಟ. ಬರುವಾಗ ಇಬ್ಬರೂ ಗಾಡಿಯ ಒಂದೇ ಡಬ್ಬಿಯಲ್ಲಿ ಮಾತಾಡದೆ ಕೂತು ಬಂದರು. ನಾನೂ ತಾಜಕ್ಕನೂ ಆ ಕಥೆ ಹೇಳಿ ಹೇಳಿ ನಕ್ಕಿದ್ದೇವೆ. ನಾಲ್ಕರಲ್ಲಿ ಮೂರು ಗಿಲಾಸು ವರ್ಷ ಎರಡು ವರ್ಷಕ್ಕೊಂದರಂತೆ ರೈಲು ಹತ್ತಿ ಹೋದವು. ಒಂದು ಉಳಿಯಿತು. ಮುಂದೆ ನನ್ನವರೂ ಹೋದರು, ನಿನ್ನ ಮಾವನೂ ಹೋದರು. ನಾವಿಬ್ಬರೂ ಆ ಒಂದು ಗಿಲಾಸೂ ಉಳಿದಿದ್ದೆವು.

ತಾಜಕ್ಕ, ಈಗ ನಿನಗೆ. ನನ್ನ ಮೈದುನ ಶಿವರಾಯ ಮೊನ್ನೆ ಒಂದು ಅರ್ಜಿ ತಂದು ಕೊಟ್ಟಿದ್ದಾನೆ. ಊರಿನಲ್ಲಿ ಈಗ ಬೇಸಿಗೆ ನೀರಿನ ಕಮಿಟಿ ಅಂತ ಒಂದು ಹುಟ್ಟಿದೆ. ಒಂದೊಂದು ಸಮಾಜದಿಂದ ಒಬ್ಬೊಬ್ಬ ಮುಖಂಡ ಕೂತು, ಟೇಶನ್ನು, ಬಸ್ ನಿಲ್ದಾಣ, ಬಜಾರು ಅಂತ ಜಾಗ ಹಂಚಿಕೊಂಡಿದ್ದಾರೆ. ಅರವಟಿಗೆ ಇಡುವವರು ಯಾವ ಸಮಾಜದ ವತಿಯಿಂದ ಇಡುತ್ತೇವೆ ಅಂತ ಅರ್ಜಿಯಲ್ಲಿ ಬರೆಯಬೇಕು, ಆ ಹೆಸರಿನ ಬೋರ್ಡು ಕಟ್ಟಬೇಕು. ಇಲ್ಲದಿದ್ದರೆ ಬೇವಿನ ಗಿಡದ ಜಾಗ ಬೇರೆಯವರಿಗೆ ಹೋಗುತ್ತದೆ. ಶಿವರಾಯ ಆ ಜಾಗದಲ್ಲಿ ನಮ್ಮ ಸಮಾಜದ ಹೆಸರನ್ನು ತಾನೇ ಬರೆದು ತಂದಿದ್ದ, ನನ್ನ ಸಹಿ ಮಾತ್ರ ಬಾಕಿ. ಸೋಮವಾರ ಕಡೆಯ ದಿನ.

ಅವನು ಕೆಟ್ಟವನಲ್ಲ. ನಿನಗೂ ಗೊತ್ತು. ಮಳೆಗಾಲಕ್ಕೆ ನನ್ನ ಮನೆಯ ಮೇಲಿನ ಫರಸಿ ಸರಿಮಾಡಿಸಿದವನು ಅವನು, ಜ್ವರ ಬಂದಾಗ ಗಂಜಿ ಕಳಿಸಿದವರೂ ಅವನ ಮನೆಯವರೇ. ಕೂತು ಎಷ್ಟು ತಿಳಿಸಿ ಹೇಳಿದ! "ವೈನಿ, ಈಗ ಎಲ್ಲಾರೂ ತಮ್ಮ ತಮ್ಮ ಹೆಸರ ಬರಸ್ಲಿಕತ್ತಾರ. ನಾವೊಬ್ಬರೇ ಸುಮ್ಮ ಕುಂತ್ರ ನಾಳೆ ನಮ್ಮನ್ನ ಯಾರೂ ಕೇಳಂಗಿಲ್ಲ. ಅಣ್ಣನ ಹೆಸರೂ ಬೋರ್ಡಿನ ಮ್ಯಾಲ ಹಾಕಿಸ್ತೀನಿ, ದೊಡ್ಡದಾಗಿ" ಅಂದ. ನಿನ್ನ ಪಾಷಾ ನಿನಗೆ ಶಹಾಬಾದಿನಲ್ಲಿ ಇದೇ ಮಾತನ್ನು ಬೇರೆ ಹೆಸರು ಹಾಕಿ ಹೇಳುತ್ತಿರುತ್ತಾನೆ ಅಂತ ನನಗೆ ಗೊತ್ತು. ಇಬ್ಬರನ್ನೂ ನಾವೇ ಎತ್ತಿ ಆಡಿಸಿದ್ದೇವೆ, ಬೈಯುವುದಾದರೆ ನಮ್ಮನ್ನೇ ಬೈದುಕೊಳ್ಳಬೇಕು.

ಹೋದ ವರ್ಷವೂ ಶಿವರಾಯ ಬೋರ್ಡು ಕಟ್ಟು ಅಂದಾಗ ನಾನು ಬೇಡ ಅಂದೆ. ಆಗ ಅವನ ಸಂಘದವರು ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬೇರೆ ಅರವಟಿಗೆ ಹಾಕಿದರು, ಬರ್ಫು ಹಾಕಿದ ನೀರು, ಮೇಲೆ ಬಣ್ಣದ ಬೋರ್ಡು. ಗಾಡಿ ಇಳಿದವರು ಮೊದಲು ಆ ಬೋರ್ಡು ಓದಿ, ಆಮೇಲೆ ನಮ್ಮ ಕಡೆ ತಿರುಗಿ, ಇದು ಯಾರ ನೀರು ಅಂತ ಕೇಳತೊಡಗಿದರು. ನೀನು ಪ್ರತಿ ಸಲವೂ "ಬಾವೀದು ರೀ" ಅನ್ನುತ್ತಿದ್ದೆ. ಕೆಲವರು ನಕ್ಕು ಕುಡಿಯುತ್ತಿದ್ದರು. ಕೆಲವರು ನಗದೆ ಹೋಗುತ್ತಿದ್ದರು. ಸಂಜೆ ಎರಡು ರಂಜಣಗಿ ತುಂಬಿದ ಹಾಗೆಯೇ ಉಳಿಯುತ್ತಿದ್ದವು, ಬೇವಿನ ಬುಡಕ್ಕೆ ಹಾಕಿ ಮನೆಗೆ ಬರುತ್ತಿದ್ದೆವು. ಆದರೂ ಆಗ ನಾವು ಇಬ್ಬರಿದ್ದೆವು.

ಈಗ ಆ ದಿನದ ಮಾತು. ಹಿಂದಿನ ನಾಲ್ಕೂ ಕಾಗದದಲ್ಲಿ ನಾನು ಆ ಮನುಷ್ಯನನ್ನು ಬೈದೆ, ಶಿವರಾಯನ ಬೋರ್ಡನ್ನು ಬೈದೆ, ಕಾಲ ಕೆಟ್ಟಿತು ಅಂತ ಬರೆದೆ. ನನ್ನ ಮಾತೊಂದನ್ನು ಮಾತ್ರ ಬರೆಯಲಿಲ್ಲ. ಅದಕ್ಕೇ ನೀನು ಉತ್ತರ ಕೊಟ್ಟಿಲ್ಲ ಅಂತ ಇಷ್ಟು ದಿನಕ್ಕೆ ಗೊತ್ತಾಗಿದೆ. ಬಷೀರಾ, ಇಲ್ಲಿ ದನಿ ಇಳಿಸಬೇಡ, ಗಟ್ಟಿಯಾಗಿ ಓದು.

ಮಧ್ಯಾಹ್ನದ ಗಾಡಿ ಬಂದು ನಿಂತಿತ್ತು. ನಾನು ಬಾವಿಯ ಹತ್ತಿರ ಇದ್ದೆ. ಇಸ್ತ್ರಿ ಬಟ್ಟೆಯ ಒಬ್ಬ ದೊಡ್ಡ ಮನುಷ್ಯ, ಅವನ ಹಿಂದೆ ಅವನ ಹೆಂಡತಿ. ನೀನು ತಲೆ ತುಂಬ ಸೆರಗು ಹೊದ್ದು ಕೂತಿದ್ದೆ, ಇಲ್ಲಿಯ ಯಾವ ಮುದುಕಿಯಾದರೂ ಹಾಗೆಯೇ ಕೂರುತ್ತಾಳೆ, ನೋಡಿದರೆ ಯಾರವಳು ಅಂತ ತಿಳಿಯುವುದಿಲ್ಲ. ಅವನು ಅರ್ಧ ಗಿಲಾಸು ಕುಡಿದು, "ಭಾಳ ತಂಪ ಅದವ್ವ ನೀರು, ಹೊಟ್ಟಿ ತಣ್ಣಗಾತು. ನಿಮ್ಮ ಹೆಸರೇನು?" ಅಂತ ಪ್ರೀತಿಯಿಂದಲೇ ಕೇಳಿದ. ನೀನು ಹೇಳಿದೆ. ಅವನ ಕೈ ಅಲ್ಲಿಯೇ ನಿಂತಿತು. ಉಳಿದ ಅರ್ಧ ಗಿಲಾಸನ್ನು ನಿನ್ನ ಪಾದದ ಹತ್ತಿರ ನೆಲಕ್ಕೆ ಚೆಲ್ಲಿದ, ಮುಂದೆ ಚಾಚಿದ್ದ ಹೆಂಡತಿಯ ಕೈಯನ್ನು ಹಿಡಿದು ಕೆಳಗಿಳಿಸಿದ.

ನಾನು ಬಕೀಟು ಹೊತ್ತುಕೊಂಡು ಅಷ್ಟೊತ್ತಿಗೆ ಹತ್ತಿರ ಬಂದಿದ್ದೆ. ಆ ಹೆಂಗಸಿನ ತುಟಿ ಒಡೆದಿತ್ತು ತಾಜಕ್ಕ, ಗಾಡಿ ಇನ್ನೇನು ಹೊರಡಬೇಕು. ಅದನ್ನು ನೋಡಿದೆ ಅನ್ನುವುದು ನಿಜ. ಅದು ನೆಪವಲ್ಲ ಅಂತ ಹೇಳುವ ಧೈರ್ಯ ಈಗ ಇಲ್ಲ. ನಾನು ಅಂದದ್ದು ಇಷ್ಟು. "ಕುಡೀರೆವ್ವ, ನೀರು ನಾ ಸೇದೀದು. ರಂಜಣಗಿ ನಮ್ಮವೇ ಅವ. ಆಕಿ ಬರೇ ಕುಂತಾಳ."

ಅವಳು ನನ್ನ ಕೈಯಿಂದ ಕುಡಿದಳು. ಗಂಡ ಬೇಡ ಅನ್ನಲಿಲ್ಲ. ಕುಡಿದು ನನಗೆ ಕೈಮುಗಿದು ಹೋದಳು. ಎಲ್ಲಕ್ಕಿಂತ ಹೇಳಲು ನಾಚಿಕೆಯಾಗುವುದು ಯಾವುದು ಅಂದರೆ, ಅವಳು ಕುಡಿದಾಗ ನನಗೆ ಸಮಾಧಾನವಾಯಿತು. ಗೆದ್ದ ಹಾಗೆ ಅನ್ನಿಸಿತು. ನೀನು ಎದ್ದು ನಿಂತು, ಗಿಲಾಸನ್ನು ತೊಳೆದು, ರಂಜಣಗಿಯ ಮುಚ್ಚಳದ ಮೇಲೆ ಬೋರಲು ಹಾಕಿ ಹೋದಾಗಲೂ, ಬಿಸಿಲಿಗೆ ತಲೆನೋವು ಬಂದಿರಬೇಕು ಅಂದುಕೊಂಡೆ. ಎಂಟು ದಿನಕ್ಕೆ ನೀನು ಗಂಟು ಕಟ್ಟಿ ಪಾಷಾನ ಮನೆಗೆ ಶಹಾಬಾದಿಗೆ ಹೊರಟೆ. ಟೇಶನ್ನಿಗೆ ಬರಬೇಡ ಅಂತ ನೀನು ಅಂದೆ, ನಾನು ಬರಲಿಲ್ಲ. ಬರಬೇಕಿತ್ತು.

ಶಿವರಾಯ ಬಣ್ಣದಲ್ಲಿ ಬರೆಸಿದ್ದನ್ನು ನಾನು ಬಾಯಲ್ಲಿ ಹೇಳಿಬಿಟ್ಟೆ. ಇಪ್ಪತ್ತು ವರ್ಷ ನಾನು ಯಾರನ್ನೂ ಬೇರೆ ಅಂತ ನೋಡಿದವಳಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಯಾರೂ ನನಗೆ ಅದನ್ನು ಹೇಳು ಅಂತ ಒತ್ತಾಯ ಮಾಡಿರಲಿಲ್ಲ, ತಾನಾಗಿಯೇ ಬಾಯಿಗೆ ಬಂತು. ಅದು ಒಳಗೆ ಇತ್ತು ಅಂತಲೇ ಅಲ್ಲವೇ ಬಂದದ್ದು?

ಹೀಗೆ ಯೋಚಿಸುವಾಗ ಇನ್ನೊಂದು ನೆನಪಾಯಿತು. ಕೇರಿಯ ಮಾಳಮ್ಮನನ್ನು ಬಲ್ಲೆಯಲ್ಲ, ಫರಸಿ ಖಣಿಯಲ್ಲಿ ಕಲ್ಲು ಹೊರುವವಳು, ಗೂಡ್ಸ್ ಶೆಡ್ಡಿನ ಆಚೆ ಇರುವವಳು. ನೀನು ಕೂತಾಗ ಆಕೆಗೆ ಗಿಲಾಸು ಕೊಡುತ್ತಿದ್ದೆ. ನಾನು ಕೂತಾಗ ಬೊಗಸೆ ಒಡ್ಡಿಸಿ ಮೇಲಿನಿಂದ ಹಾಕುತ್ತಿದ್ದೆ. ನೀನು ಒಮ್ಮೆ ಕೇಳಿದ್ದೆ. "ಆಕೀಗಿ ಗಿಲಾಸ ಯಾಕ ಕೊಡಂಗಿಲ್ಲ ನೀ? ಆಕೀ ತುಟಿ ಏನ್ ಬ್ಯಾರೆ ಅದ?" ನಾನು, ಆಕೆಗೇ ಬೊಗಸೆ ರೂಢಿ, ಆಕೆ ಗಿಲಾಸು ಕೇಳುವುದೇ ಇಲ್ಲ ಅಂದಿದ್ದೆ. ನೀನು ಸುಮ್ಮನಾದೆ. ಅದಕ್ಕೆ ನೀನು ಒಪ್ಪಿಕೊಂಡೆ ಅಂತ ನಾನು ತಿಳಿದೆ.

ನೀನು ಹೋದ ಮೇಲೆ ಉಳಿದ ಇಪ್ಪತ್ತು ದಿನ ನಾನೊಬ್ಬಳೇ ಅರವಟಿಗೆ ನಡೆಸಿದೆ. ಸೇದಲು ಹೋದಾಗ ಕೊಡುವವರಿಲ್ಲ, ಕೊಡಲು ಕೂತಾಗ ಸೇದುವವರಿಲ್ಲ. ನಿಮ್ಮವರು ಬರುವುದು ನಿಲ್ಲಿಸಿದರು, ನಮ್ಮವರು ಬರ್ಫಿನ ಕಡೆ ಹೋದರು. ನೋಡು, ನಿಮ್ಮವರು ನಮ್ಮವರು ಅಂತ ಮತ್ತೆ ಬರೆದೆ. ಹೊಡೆದು ಹಾಕುವುದಿಲ್ಲ, ಇರಲಿ, ನಾನು ಎಂಥವಳು ಅಂತ ನಿನಗೆ ಕಾಣಲಿ. ಕೆಲವು ದಿನ ಬೆಳಗಿನಿಂದ ಸಂಜೆತನಕ ಒಬ್ಬಳೇ ಬರುತ್ತಿದ್ದಳು, ಮಾಳಮ್ಮ. ಮನುಷ್ಯರ ದನಿ ಕೇಳಲಿಕ್ಕೆ ಆಕೆಯ ದಾರಿ ಕಾಯುತ್ತಿದ್ದೆ ಅಂದರೆ ನಂಬು. ಒಂದು ದಿನ ಬೋರಲು ಹಾಕಿದ ಆ ಗಿಲಾಸನ್ನೇ ತೆಗೆದು ತುಂಬಿ ಆಕೆಯ ಮುಂದೆ ಹಿಡಿದೆ. ಆಕೆ ಗಿಲಾಸನ್ನೂ ನೋಡಿದಳು, ಸುತ್ತಲೂ ನೋಡಿದಳು.

"ಈಗ್ಯಾಕವ್ವ? ಮಂದಿ ಯಾರೂ ಇಲ್ಲಂತ ಕೊಡ್ಲಿಕತ್ತೀರೇನು?" ಅಂದಳು.

ಸಿಟ್ಟಿನಿಂದ ಅಂದದ್ದಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ ಅಂದಳು. ಆಮೇಲೆ ಬೊಗಸೆ ಒಡ್ಡಿದಳು. ನಾನು ಗಿಲಾಸಿನ ನೀರನ್ನೇ ಬೊಗಸೆಗೆ ಹಾಕಿದೆ. ಗಿಲಾಸನ್ನು ಮನೆಗೆ ತಂದು ಸೀರೆಯ ಟ್ರಂಕಿನಲ್ಲಿ ಇಟ್ಟೆ. ಅವತ್ತಿನಿಂದ ಅದರಲ್ಲಿ ಯಾರೂ ಕುಡಿದಿಲ್ಲ.

ಬಷೀರಾ, ಈಗ ಒಂದು ಮಾತು ನಿನಗೆ ಮಾತ್ರ, ಅತ್ತೆಗೆ ಓದಿ ಹೇಳಬೇಡ. ಅತ್ತೆ ಅಳುತ್ತಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಓದು. ಅಳದೆ ಗೋಡೆ ನೋಡುತ್ತಿದ್ದರೆ ಬಿಡದೆ ಓದು. ಆಕೆ ಗೋಡೆ ನೋಡುತ್ತಿದ್ದಾಳೆ ಅಂದರೆ ಕಿವಿ ಇಲ್ಲಿಯೇ ಇದೆ ಅಂತ ಅರ್ಥ, ಇಪ್ಪತ್ತು ವರ್ಷ ನೋಡಿದ್ದೇನೆ.

ತಾಜಕ್ಕ, ನಾನು ಒಮ್ಮೆ ಬಂದಿದ್ದೆ. ರಂಜಾನ್ ಹಬ್ಬದ ಮರುದಿನ. ನಿನಗೆ ಇಷ್ಟ ಅಂತ ಶೇಂಗಾ ಹೋಳಿಗೆ ಮಾಡಿ ಡಬ್ಬಿಯಲ್ಲಿ ತುಂಬಿಕೊಂಡು, ಗಾಡಿ ಹತ್ತಿ, ಶಹಾಬಾದಿನಲ್ಲಿ ಇಳಿದು ನಿಮ್ಮ ಓಣಿಯ ಬಾಯಿಯವರೆಗೂ ಬಂದೆ. ಅಲ್ಲಿ ಒಬ್ಬ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನ ಹಣೆಯ ವಿಭೂತಿ ನೋಡಿ, "ಯಾರ ಕಡಿಯವರವ್ವ ನೀವು? ಯಾರ ಮನಿಗಿ ಹೊಂಟೀರಿ?" ಅಂತ ಕೇಳಿದ. ಮರ್ಯಾದೆಯಿಂದಲೇ ಕೇಳಿದ, ಪಾಪ. ನಿನ್ನ ಹೆಸರು ಹೇಳಿದರೆ ಸಾಕಿತ್ತು. ಆದರೆ ನಾನು ನಿನಗೆ ಯಾರು ಅಂತ ಕೇಳಿದರೆ ಏನು ಹೇಳಲಿ? ಗೆಳತಿ ಅನ್ನುವ ಮಾತನ್ನು ಆ ಮಧ್ಯಾಹ್ನ ನಾನೇ ನೆಲಕ್ಕೆ ಚೆಲ್ಲಿದ್ದೆ. ಹಾದಿ ತಪ್ಪಿ ಬಂದೆ ಅಂತ ಹೇಳಿ ತಿರುಗಿದೆ. ವಾಪಸು ಗಾಡಿಗೆ ಎರಡು ಗಂಟೆ ಇತ್ತು. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಒಬ್ಬಳೇ ಹೋಳಿಗೆ ತಿಂದೆ. ಬೆಲ್ಲ ಹೆಚ್ಚಾಗಿತ್ತು. ಅಷ್ಟು ಜನರ ನಡುವೆ ಕೂತು ಅಷ್ಟು ಒಂಟಿ ಅನ್ನಿಸಿದ್ದು ನನ್ನವರು ಸತ್ತಾಗಲೂ ಇಲ್ಲ. ಆಗ ನೀನು ಪಕ್ಕದಲ್ಲಿದ್ದೆ.

ಅರ್ಜಿಗೆ ನಾನು ಸಹಿ ಹಾಕುವುದಿಲ್ಲ. ನಿನ್ನೆ ಶಿವರಾಯನಿಗೆ ಹೇಳಿದೆ. ಅವನು ಬೇಜಾರು ಮಾಡಿಕೊಂಡು, "ಅಣ್ಣ ಇಟ್ಟ ಜಾಗಾ ನಿಮ್ಮ ಕೈಯಾರೆ ಕಳೀಲಿಕತ್ತೀರಿ ನೋಡ್ರಿ ವೈನಿ" ಅಂದ. ಆ ಮಾತು ಎದೆಗೆ ನಾಟಿತು. ಸೋಮವಾರ ಬೇವಿನ ಗಿಡ ನಮ್ಮ ಕೈತಪ್ಪುತ್ತದೆ. ಇಪ್ಪತ್ತೆರಡು ಬೇಸಿಗೆ ಅದರ ನೆರಳಿನಲ್ಲಿ ಕೂತಿದ್ದೇವೆ, ಅದರ ಬುಡಕ್ಕೆ ಎಷ್ಟು ಕೊಡ ನೀರು ಹಾಕಿದ್ದೇವೋ. ಹೋಗಲಿ. ರಂಜಣಗಿಗಳನ್ನು ನನ್ನ ಮನೆಯ ಕಟ್ಟೆಯ ಮೇಲೆ ಇಡುತ್ತೇನೆ. ಅದು ಯಾವ ಕಮಿಟಿಯ ಜಾಗವೂ ಅಲ್ಲ, ನನ್ನವರು ಕಟ್ಟಿಸಿದ ಕಟ್ಟೆ. ಗೂಡ್ಸ್ ಶೆಡ್ಡಿನ ಹಿಂದೆ ಆಗುವುದರಿಂದ ಗಾಡಿಯವರು ಅಷ್ಟು ದೂರ ಬರಲಾರರು, ಹಮಾಲರು, ಕಲ್ಲಿನವರು, ಕೇರಿಯವರು ಬಂದಾರು. ನೆರಳಿಗೆ ಎರಡು ಗೋಣಿ ತಟ್ಟು ಕಟ್ಟಬೇಕು.

ಆದರೆ ಸೇದುವವರು ಒಬ್ಬರು, ಕೂರುವವರು ಒಬ್ಬರು ಬೇಕು. ನಾನು ಮಾಳಮ್ಮನನ್ನು ಕೇಳಿದೆ. ಖಣಿ ಬಿಟ್ಟಿದ್ದಾಳೆ ಈಗ, ಸೊಂಟ ಹಿಡಿದಿದೆ, ಕೂರುವ ಕೆಲಸ ಆಕೆಗೂ ಆಗುತ್ತದೆ. ನೀನು ರಂಜಣಗಿಯ ಹತ್ತಿರ ಕೂತು ಎಲ್ಲರಿಗೂ ನೀರು ಕೊಡುತ್ತೀಯಾ, ನಾನು ಸೇದುತ್ತೇನೆ ಅಂದೆ. ಅರವಟಿಗೆಯಲ್ಲಿ ಮಾಳಮ್ಮ ಕೂತರೆ ನಮ್ಮ ಓಣಿಯವರು ಏನಂದಾರು ಅಂತ ನನಗೆ ಗೊತ್ತು, ಆಕೆಗೆ ನನಗಿಂತ ಚೆನ್ನಾಗಿ ಗೊತ್ತು.

"ತಾಜಮ್ಮ ಬಂದ್ರ ನಾನೂ ಕುಂದರ್ತೀನ್ರಿ. ನಿಮ್ಮ ಒಬ್ಬರ ಜೋಡಿ ಆಗಂಗಿಲ್ಲ" ಅಂದಳು.

ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ. ನಾಳೆ ಯಾರಾದರೂ ಗಾಡಿಯವನು ಆಕೆಯ ಹೆಸರು ಕೇಳಿ ನೀರು ಚೆಲ್ಲಿದರೆ, ಓಡಿ ಬಂದು ನಾನು ಏನು ಹೇಳುತ್ತೇನೋ ಅಂತ ಆಕೆಗೆ ಭಯ. ನನಗೂ ಅದೇ ಭಯ ಇದೆ ತಾಜಕ್ಕ. ನೀನು ಪಕ್ಕದಲ್ಲಿದ್ದರೆ ನನ್ನ ನಾಲಿಗೆ ಹಿಡಿತದಲ್ಲಿರುತ್ತದೆ.

ಬಂದು ನನ್ನ ಮನೆಯಲ್ಲಿ ಇರು ಅಂತ ನಾನು ಕೇಳುತ್ತಿಲ್ಲ. ಮಗ ಸೊಸೆಯನ್ನು ಬಿಟ್ಟು ಬಾ ಅಂತಲೂ ಅಲ್ಲ. ಬೆಳಗಿನ ಪ್ಯಾಸೆಂಜರಿಗೆ ಬಾ, ಸಂಜೆಯ ಗಾಡಿಗೆ ಹೋಗು. ಪಾಷಾ ಬೇಡ ಅಂದರೆ, ಅವನ ಅಪ್ಪ ಯಾವ ಬಕೀಟಿನಿಂದ ಯಾರಿಗೆ ನೀರು ಕುಡಿಸಿದ್ದ ಅಂತ ಕೇಳು. ಅವನಿಗೆ ಗೊತ್ತಿಲ್ಲದಿದ್ದರೆ ಬಷೀರಾ ಈಗ ಓದಿದ್ದಾಳೆ, ಆಕೆ ಹೇಳಲಿ. ನೀನು ಬಂದು ನನಗೆ ಬೈಯಬೇಕು ಅಂದರೆ ಅದಕ್ಕೂ ಬಾ. ಮಾಳಮ್ಮನ ಮುಂದೆಯೇ ಬೈ. ಕ್ಷಮೆ ಕೇಳುವುದನ್ನು ಕಾಗದದಲ್ಲಿ ಮುಗಿಸಿಬಿಡುವ ಹೆಂಗಸು ನಾನಲ್ಲ. ನೀನು ಎದುರಿಗೆ ಬಂದು ಕೂತ ಮೇಲೆ, ಅವತ್ತಿನ ಹಾಗೆಯೇ ಜನ ಸುತ್ತಲೂ ಇರುವಾಗ ಕೇಳಬೇಕು ಅಂತಿದ್ದೇನೆ.

ನೀನು ಬರದಿದ್ದರೆ ಈ ವರ್ಷ ರಂಜಣಗಿ ಏಳುವುದಿಲ್ಲ. ಹೆದರಿಸಲು ಬರೆದದ್ದಲ್ಲ. ಒಬ್ಬಳಿಂದ ಆಗುವುದಿಲ್ಲ, ಅಷ್ಟೇ.

ಯುಗಾದಿಯ ಬೆಳಗಿನ ಗಾಡಿಗೆ ಪ್ಲಾಟ್‌ಫಾರಮ್ಮಿಗೆ ಬರುತ್ತೇನೆ. ಹೋದ ಸಲ ಬರಬೇಡ ಅಂದಿದ್ದಕ್ಕೆ ಬರಲಿಲ್ಲ, ಈ ಸಲ ನೀನು ಬೇಡ ಅಂದರೂ ಬಂದೇ ಬರುತ್ತೇನೆ.

ನಿನ್ನ ತಪ್ಪುಗಾರ್ತಿ ತಂಗಿ,
ಶಿವಕಾಂತಮ್ಮ

ತಾ.ಕ. ಶನಿವಾರ ಬೆಳಿಗ್ಗೆ. ಬಷೀರಾ, ಇದನ್ನು ಅಂಚೆಗೆ ಹಾಕುತ್ತಿಲ್ಲ. ಹಿಂದಿನ ನಾಲ್ಕು ಏನಾದವೋ ಎಂದು ಈ ಸಲ ಮಾಳಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ತಾನೇ ಕೊಟ್ಟು ಬರುತ್ತೇನೆ ಅಂತ ಸೊಂಟ ನೋವಿನಲ್ಲೂ ಗಾಡಿಗೆ ಹೊರಟು ಈಗ ನನ್ನ ಬಾಗಿಲಲ್ಲಿ ನಿಂತಿದ್ದಾಳೆ. ಅಂದರೆ ನೀನು ಇದನ್ನು ಓದುತ್ತಿರುವಾಗ ಆಕೆ ಟೇಶನ್ನಿನಿಂದ ಬಿಸಿಲಲ್ಲಿ ನಡೆದು ಬಂದು ನಿಮ್ಮ ಹೊಸ್ತಿಲ ಹೊರಗೆ ಕೂತಿರುತ್ತಾಳೆ. ಇದನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕಿತ್ತು ಮಗಳೇ. ಇಷ್ಟುದ್ದ ನೀರಿನ ಮಾತೇ ಬರೆದು, ನಿನ್ನ ಗಂಟಲು ಒಣಗೀತು ಅಂತಲೂ ನೆನೆದು, ಆಕೆಗೆ ನೀರು ಕೊಡು ಅಂತ ಬರೆಯುವುದನ್ನು ಮರೆತೆ. ಆಕೆ ಕೇಳುವವಳಲ್ಲ. ಬೇಗ ಏಳು.

ಆಕೆಯ ಗಂಟಿನಲ್ಲಿ ಆ ಗಿಲಾಸು ಇದೆ, ಹುಣಸೆ ಹಣ್ಣು ಹಚ್ಚಿ ತಿಕ್ಕಿ ಕೊಟ್ಟಿದ್ದೇನೆ. ಅದರಲ್ಲೇ ಕೊಡಿ. ನೀನು ಕೊಡಬೇಡ, ಅತ್ತೆಯ ಕೈಯಿಂದ ಕೊಡಿಸು. ನನ್ನ ಕೈಯಿಂದ ಅದನ್ನು ತೆಗೆದುಕೊಳ್ಳದವಳು ತಾಜಕ್ಕನ ಕೈಯಿಂದ ತೆಗೆದುಕೊಳ್ಳುತ್ತಾಳೆ. ಆಮೇಲೆ ಗಿಲಾಸನ್ನು ಮಾಳಮ್ಮನ ಜೊತೆ ವಾಪಸು ಕಳಿಸಬೇಡ. ಯುಗಾದಿಗೆ ನಿನ್ನ ಅತ್ತೆಯೇ ತರಲಿ. ರಂಜಣಗಿಗೆ ನಮ್ಮ ಹತ್ತಿರ ಇರುವುದು ಅದೊಂದೇ.